ಹೊಸ್ತಿಲ ಮೇಲಿನ ಕೈ

ಆ ಚಿತ್ರದಲ್ಲಿ ಏನಿದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬೇರೆ ಬರೆದೆ. ಬರೆದದ್ದಷ್ಟೇ ಆಗಿದ್ದರೆ — ಇಲ್ಲ, ಅಷ್ಟೇ ಆಗಿದ್ದರೂ ಅದು ತಪ್ಪೇ. ಆದರೆ ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ಆ ಚಿತ್ರದೊಳಗಿನ ಹೆಣ್ಣುಮಗಳೇ ಒಂದು ದಿನ ನನ್ನೆದುರು ನಿಂತು ನಡೆದದ್ದನ್ನು ಹೇಳಿದಾಗ, ಅವಳ ಬದುಕು ಅವಳಿಗೇ ಅರ್ಥವಾಗಿಲ್ಲವೆಂದು ನನ್ನ ವಿದ್ಯಾರ್ಥಿಗಳ ಮುಂದೆ ಸಾಧಿಸಿ ತೋರಿಸಿದೆ. ಅವರು ಅದನ್ನು ಬರೆದುಕೊಂಡರು.

ನಾನು ಕಲಾವಿಮರ್ಶೆ ಕಲಿಸುತ್ತಿದ್ದವಳು. ಧಾರವಾಡದಲ್ಲಿ ಬಹಳ ವರ್ಷ ಕಲಿಸಿ ಈಗ ಸುಮ್ಮನಿದ್ದೇನೆ. ನನ್ನ ಹೆಸರು ಯಾರಿಗಾದರೂ ನೆನಪಿದ್ದರೆ ಅದು ಒಂದೇ ಒಂದು ಲೇಖನದಿಂದ. 'ತಡೆಯುವ ಕೈ' ಎಂದು ಅದರ ಹೆಸರು. ಬೈಲಹೊಂಗಲದ ಡ್ರಾಯಿಂಗ್ ಮಾಸ್ತರರಾಗಿದ್ದ ರಾಚಯ್ಯನವರ 'ಹೊಸ್ತಿಲು' ಎಂಬ ದೊಡ್ಡ ತೈಲಚಿತ್ರದ ಮೇಲೆ ಬರೆದದ್ದು. ಆ ಲೇಖನದಿಂದ ಚಿತ್ರಕ್ಕೆ ಹೆಸರು ಬಂತು, ಚಿತ್ರದಿಂದ ನನಗೆ ಬಂತು. ಇಂದು ಆ ಚಿತ್ರ ದಿಲ್ಲಿಯ ಒಂದು ಗ್ಯಾಲರಿಯ ಗೋಡೆಯ ಮೇಲಿದೆ. ನಮ್ಮ ಕಡೆಯ ಕಾಲೇಜುಗಳಲ್ಲಿ ನಾಲ್ಕಾರು ವರ್ಷ ನನ್ನ ಲೇಖನ ಪಾಠವಾಗಿತ್ತು.

ಚಿತ್ರ ನೋಡದವರಿಗೆ ಹೇಳುತ್ತೇನೆ. ಎತ್ತರದ ಕಟ್ಟೆಯ ಮೇಲೆ, ಹೊಸ್ತಿಲಿಗೆ ಬೆನ್ನು ಮಾಡಿ, ಧೋತರ ಉಟ್ಟು ತಲೆಗೆ ಪಟಗ ಸುತ್ತಿದ ಒಬ್ಬ ಮನುಷ್ಯ ನಿಂತಿದ್ದಾನೆ. ಬಲಗೈ ಎತ್ತಿದ್ದಾನೆ — ಅಂಗೈ ನಮ್ಮ ಕಡೆಗೆ. ಕೆಳಗೆ ಅಂಗಳದಲ್ಲಿ ಸೆರಗು ಹೊದ್ದ ಹೆಂಗಸರು ನೆಲದ ಮೇಲೆ ಕುಳಿತಿದ್ದಾರೆ, ಅವರ ಮುಖ ಕಾಣುವುದಿಲ್ಲ. ಒಬ್ಬಳು ಮಾತ್ರ ಅರ್ಧ ಎದ್ದಿದ್ದಾಳೆ, ಒಂದು ಮೊಣಕಾಲು ಇನ್ನೂ ನೆಲದಲ್ಲಿದೆ. ಮನುಷ್ಯನ ಹಿಂದೆ ಬಾಗಿಲೊಳಗೆ ಬರೀ ಕತ್ತಲೆ. ಆ ಕತ್ತಲೆಯಲ್ಲಿ ಹಸಿರು ಸೀರೆಯ ಅಂಚು, ಒಂದು ಗೇಣಿನಷ್ಟು.

ನಾನು ಬರೆದದ್ದು ಹೀಗೆ: ನಿಂತವನು ಯಜಮಾನ. ಅವನ ಅಂಗೈ ಕಾನೂನು, ಮನೆತನ, ಜಮೀನು, ಸರಕಾರ ಎಲ್ಲವೂ. ಕುಳಿತವರು ಮುಖವಿಲ್ಲದ ಪ್ರಜೆಗಳು. ಅರ್ಧ ಎದ್ದವಳು ಬರಲಿರುವ ಬಂಡಾಯ. ಒಳಗಿನ ಹಸಿರು ಅಂಚು — ಸೆರೆಯಲ್ಲಿರುವ ಹೆಣ್ಣು, ಅವಳ ಬಿಡುಗಡೆಗಾಗಿ ಹೊರಗಿನ ಹೆಂಗಸರು ಬಂದಿದ್ದಾರೆ, ಅವನು ಬಿಡುತ್ತಿಲ್ಲ.

ಚಿತ್ರದಲ್ಲಿ ಯಾರು ನಿಂತಿದ್ದಾರೆ, ಯಾರು ಕುಳಿತಿದ್ದಾರೆ, ಯಾರ ಮುಖ ಬಿಡಿಸಿಲ್ಲ, ಯಾಕೆ ಬಿಡಿಸಿಲ್ಲ — ಹೀಗೆ ಕೇಳಬೇಕೆಂದು ನಾನು ತರಗತಿಯಲ್ಲಿ ಕಲಿಸುತ್ತಿದ್ದೆ. ಅದರಲ್ಲಿ ತಪ್ಪಿಲ್ಲ. ಇಂದಿಗೂ ಹಾಗೇ ಕೇಳಬೇಕು ಎನ್ನುತ್ತೇನೆ. ಚಿತ್ರವನ್ನು ರಾಜಕೀಯವಾಗಿ ಓದಿದ್ದು ನನ್ನ ತಪ್ಪಲ್ಲ. ನನ್ನ ತಪ್ಪು ಬೇರೆ.

ಸಾಲಿ ಮಾಸ್ತರರ ಒಂದು ಪ್ರದರ್ಶನದಲ್ಲಿ ಆ ಚಿತ್ರ ನೋಡಿ ಬರೆದ ಲೇಖನವನ್ನು ಮೊದಲು ಧಾರವಾಡದ ಒಂದು ವಿಚಾರ ಸಂಕಿರಣದಲ್ಲಿ ಓದಿದ್ದೆ. ಓದಿ ಮುಗಿಸಿದಾಗ ಸಭೆ ಎದ್ದು ನಿಂತಿತು — ಅಲ್ಲಿಯವರೆಗೆ ನನಗಾಗಿ ಯಾರೂ ಎದ್ದು ನಿಂತಿರಲಿಲ್ಲ. ಸಂಕಿರಣದವರು ಅಚ್ಚು ಹಾಕುತ್ತೇವೆ, ಚಿತ್ರದ ಫೋಟೋ ಬೇಕು ಎಂದರು. ಅದಕ್ಕೆಂದೇ ಬೈಲಹೊಂಗಲಕ್ಕೆ ಹೋದೆ.

ರಾಚಯ್ಯ ಮಾಸ್ತರರು ನಿವೃತ್ತಿಗೆ ಹತ್ತಿರವಾಗಿದ್ದರು. ಸಾಲಿ ಹುಡುಗರಿಗೆ ಹೂಜಿ, ಬಾಳೆಹಣ್ಣು ಬಿಡಿಸುವುದನ್ನು ಕಲಿಸುತ್ತಲೇ ತಲೆ ಹಣ್ಣಾಗಿತ್ತು. ಅವರ ಚಿತ್ರ ನೋಡಲೆಂದು ಅವರ ಮನೆಗೆ ಬಂದ ಮೊದಲ ಹೊರಗಿನವಳು ನಾನೇ ಇರಬೇಕು. ಪಡಸಾಲೆಯಲ್ಲಿ ಕೂಡ್ರಿಸಿ ಚಹಾ ಕೊಟ್ಟರು. ನನ್ನ ಲೇಖನ ಪೂರ್ತಿ ಕೇಳಿದರು. ಕೇಳಿದ ಮೇಲೆ ಹೇಳಿದರು.

"ಭಾಳ ಛಲೋ ಬರದೀರಿ ಬಾಯಾರ. ಆದರ ಅದು ಹಂಗ ನಡದಿದ್ದಿಲ್ಲ."

ಅವರ ಹುಟ್ಟೂರು ಹೂಲಿ. ಚಿತ್ರದ ಮನುಷ್ಯ ಅವರ ಎದುರು ಮನೆಯ ಶಿವಬಸಪ್ಪ. ಅವನ ಮಗಳು ನೀಲವ್ವನನ್ನು ರಾಮದುರ್ಗದ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಗಂಡ ಹೊಡೆಯುತ್ತಿದ್ದ. ಒಂದು ದಿನ ಉಟ್ಟ ಸೀರೆಯಲ್ಲೇ ತವರಿಗೆ ಓಡಿ ಬಂದಳು, ತೋಳು ಮುರಿದಿತ್ತು. ಮರುದಿನವೇ ಗಂಡನ ಮನೆಯವರು ಚಕ್ಕಡಿ ಹೂಡಿಕೊಂಡು ಬಂದರು. ಗಂಡಸರು ಊರ ಅಗಸಿ ಬಾಗಿಲಲ್ಲಿ ನಿಂತು ಹೆಂಗಸರನ್ನು ಮುಂದೆ ಕಳಿಸಿದರು. ಅತ್ತೆ, ಅವಳ ನಾದಿನಿಯರು, ಓರಗಿತ್ತಿಯರು. ಸೊಸೆಯನ್ನು ಕಳಿಸುವತನಕ ಈ ಮನೆಯ ನೀರು ಮುಟ್ಟುವುದಿಲ್ಲ ಎಂದು ಅಂಗಳದಲ್ಲಿ ಕುಳಿತುಬಿಟ್ಟರು. ಊರ ಹಿರಿಯರೆಲ್ಲ ಶಿವಬಸಪ್ಪನಿಗೆ ಅದನ್ನೇ ಹೇಳಿದರು — ಕಳಿಸು, ಕೊಟ್ಟ ಹೆಣ್ಣು, ಮನೆತನದ ಮಾತು. ಕಡೆಗೆ ಅತ್ತೆ ತಾನೇ ಒಳಗೆ ಹೋಗಿ ಎಳೆದು ತರುತ್ತೇನೆಂದು ಮೇಲೇಳುವುದಕ್ಕೂ ಶಿವಬಸಪ್ಪ ಹೊಸ್ತಿಲಿಗೆ ಅಡ್ಡ ಬಂದು ಕೈ ಎತ್ತುವುದಕ್ಕೂ ಸರಿಹೋಯಿತು.

"ಏನಂದ ಗೊತ್ತೇನ್ರಿ?" ಮಾಸ್ತರರು ತಾವೂ ಕೈ ಎತ್ತಿ ತೋರಿಸಿದರು. "'ನನ್ನ ಮಗಳು ಬರೂದಿಲ್ಲ. ನೀವೆಲ್ಲಾ ಉಂಡು ಹೋಗ್ರಿ' ಅಂದ. ಅಷ್ಟ. ನಾ ನಮ್ಮ ಮಾಳಿಗಿ ಮ್ಯಾಲ ನಿಂತ ನೋಡಾಕ ಹತ್ತಿದ್ದೆ. ಆ ಕೈ ನನ್ನ ಕಣ್ಣಾಗ ಉಳದುಬಿಡ್ತು."

ಅಂದರೆ — ನಾನು ಬಂಡಾಯ ಎಂದು ಕರೆದವಳು ಅತ್ತೆ. ಪ್ರಜೆಗಳು ಎಂದವರು ಎಳೆದೊಯ್ಯಲು ಬಂದವರು. ಸೆರೆಯಾಳು ಎಂದವಳು ಆ ಕೈಯ ಹಿಂದೆ ಜೀವ ಉಳಿಸಿಕೊಂಡವಳು.

ಚಹಾದ ಕಪ್ಪು ಕೈಯಲ್ಲೇ ಉಳಿಯಿತು. ನಾನು ಅವರನ್ನು ಕೇಳಿದ್ದು ಒಂದೇ ಮಾತು.

"ಮಾಸ್ತರ, ಇದನ್ನ ಬ್ಯಾರೆ ಯಾರಿಗರೆ ಹೇಳೀರೇನು?"

"ಯಾರ ಕೇಳ್ಯಾರ?"

"ಹಂಗಾರ ಇರ್ಲಿ ಬಿಡ್ರಿ. ಹಿಂಗ ಇದ್ರ ಚಿತ್ರ ದೊಡ್ಡದಾಗತೈತಿ."

ಈ ಮಾತನ್ನು ನಾನೇ ಆಡಿದೆ. ಯಾರೂ ಬಾಯಿಗೆ ತುರುಕಲಿಲ್ಲ.

ಮಾಸ್ತರರು ಗೋಡೆಗೆ ಒರಗಿಸಿಟ್ಟಿದ್ದ ಚಿತ್ರವನ್ನೇ ನೋಡಿದರು. "ಶಿವಬಸಪ್ಪಣ್ಣ ಏನರೆ ಅಂದ್ಕೊಂಡಾನು" ಎಂದರು, ನನಗಲ್ಲ, ತಮಗೇ ಎಂಬಂತೆ. "ಅವರು ಇದನ್ನೆಲ್ಲಿ ಓದತಾರ್ರೀ" ಎಂದೆ. ಇಡೀ ಜೀವನ ಯಾರೂ ತಿರುಗಿ ನೋಡದ ಕಲಾವಿದ ಅವರು, ಬಾಗಿಲಿಗೆ ಬಂದ ಹೆಸರನ್ನು ನನ್ನೆದುರು ಒಲ್ಲೆ ಎನ್ನಲಾರದೆ ಹೋದರು. ಅವರ ಮೇಲೆ ನಾನು ಏನನ್ನೂ ಹೊರಿಸುವುದಿಲ್ಲ. ಅವರು ನನಗೆ ನಿಜ ಹೇಳಿದ್ದರು. ಆಮೇಲಾಮೇಲೆ ಅವರು ಹೂಲಿಗೆ ಹೋಗುವುದನ್ನೇ ಕಡಿಮೆ ಮಾಡಿದರೆಂದು ಕೇಳಿದೆ. ಹೋದರೂ ಓಣಿಯ ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗುತ್ತಿದ್ದರಂತೆ.

ಲೇಖನ ಅಚ್ಚಾಯಿತು. ಅದರ ಬೆನ್ನಿಗೆ ಪ್ರದರ್ಶನಗಳು, ಚರ್ಚೆಗಳು, ಇಂಗ್ಲಿಷಿಗೆ ಅನುವಾದ. ಕಿತ್ತೂರಿನಲ್ಲಿ ನಡೆದ ಒಂದು ಮಹಿಳಾ ಸಮಾವೇಶದವರು ಆ ಅರ್ಧ ಎದ್ದ ಹೆಂಗಸನ್ನು ತಮ್ಮ ಕರಪತ್ರದ ಮೇಲೆ ಅಚ್ಚು ಹಾಕಿಸಿದ್ದರು. ವೇದಿಕೆಯ ಹಿಂದಿನ ಬಟ್ಟೆಯ ಮೇಲೂ ಆಳೆತ್ತರಕ್ಕೆ ಅವಳೇ. ಅವಳ ಕೆಳಗೆ ನಿಂತು ನಾನು ಭಾಷಣ ಮಾಡಿದೆ. ಸೊಸೆಯ ತೋಳು ಹಿಡಿದೆಳೆಯಲು ಎದ್ದ ಅತ್ತೆ ಅವಳು — ಆ ಸಭೆಯಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬಳಿಗೇ. ಅಂದು ತಿರುಗಿ ಅವಳನ್ನು ನೋಡಲಾಗಲಿಲ್ಲ. ಮುಂದಿನ ಸಭೆಗಳಲ್ಲಿ ಏನೂ ಅನ್ನಿಸಲಿಲ್ಲ.

ಹಾಗೆ ಮಾಡಿದ್ದು ಯಾಕೆ? ಚಪ್ಪಾಳೆಗಾಗಿ ಎಂದು ಹೇಳಿ ಮುಗಿಸಬಹುದು, ಅದು ಸುಳ್ಳೂ ಅಲ್ಲ. ಆದರೆ ಇನ್ನೊಂದಿದೆ. ನಮ್ಮ ಮನೆ ರಾಮದುರ್ಗದಲ್ಲಿತ್ತು. ನಾನು ಸಾಲಿಗೆ ಹೋಗುತ್ತಿದ್ದಾಗ ನನ್ನ ಅಕ್ಕ ಗಂಗವ್ವನೂ ಹೀಗೇ ಗಂಡನ ಮನೆಯಿಂದ ಬಂದಿದ್ದಳು. ಅಪ್ಪ ಅವಳನ್ನು ಒಳಗೂ ಕರೆಯಲಿಲ್ಲ. ಬಸ್‌ಸ್ಟ್ಯಾಂಡಿಗೆ ನಡೆಸಿಕೊಂಡು ಹೋಗಿ ವಾಪಸು ಬಸ್ಸು ಹತ್ತಿಸಿದ. ಅವಳ ಚೀಲ ಹೊತ್ತವಳು ನಾನು. ಮುಂದಿನ ಸುಗ್ಗಿಯ ಹೊತ್ತಿಗೆ ಅಕ್ಕ ಇರಲಿಲ್ಲ. ಏನಾಯಿತೆಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಮಗಳಿಗಾಗಿ ಊರಿನೆದುರು ಕೈ ಎತ್ತಿದ ಒಬ್ಬ ಅಪ್ಪ ಇದ್ದ, ಅದೂ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ಇದ್ದ — ಅದನ್ನು ನನ್ನಿಂದ ತಾಳಿಕೊಳ್ಳಲು ಆಗಲಿಲ್ಲ. ಎಲ್ಲ ಅಪ್ಪಂದಿರೂ ನನ್ನ ಅಪ್ಪನಂತೆಯೇ ಇರಬೇಕಿತ್ತು. ಹಾಗಿದ್ದರೆ ಮಾತ್ರ ನಮ್ಮ ಮನೆಯಲ್ಲಿ ನಡೆದದ್ದು... ಇರಲಿ. ಇದನ್ನು ನೆಪವೆಂದು ಹೇಳುತ್ತಿಲ್ಲ. ಶಿವಬಸಪ್ಪನವರು ನನ್ನ ಅಪ್ಪ ಅಲ್ಲ. ನನ್ನ ಅಪ್ಪನ ತಪ್ಪನ್ನು ಅವರ ಮುಖಕ್ಕೆ ಹಚ್ಚುವ ಹಕ್ಕು ನನಗಿರಲಿಲ್ಲ.

ಮುಖ್ಯವಾದದ್ದನ್ನು ಇನ್ನೂ ಹೇಳಿಲ್ಲ.

ಲೇಖನ ಪಾಠವಾದ ಮೇಲೆ ಸವದತ್ತಿಯ ಒಬ್ಬ ಅಧ್ಯಾಪಕರ ಉತ್ಸಾಹದಿಂದ ಹೂಲಿಗೆ ಒಂದು ಅಧ್ಯಯನ ಪ್ರವಾಸ ಹೊರಟಿತು. ಹಳೆಯ ಗುಡಿಗಳನ್ನು ನೋಡುವುದು, ಆಮೇಲೆ 'ಹೊಸ್ತಿಲಿನ ಮನೆ'. ನನ್ನನ್ನೂ ಕರೆದರು. ಬರುವುದಿಲ್ಲ ಎನ್ನಬಹುದಿತ್ತು. ಹೋದೆ.

ಗುಡಿಗಳನ್ನು ನೋಡಿಕೊಂಡು ಊರೊಳಗೆ ಬಂದಾಗ ಬಿಸಿಲು ಏರಿತ್ತು. ಮನೆ ಸಿಕ್ಕಿತು. ಅದೇ ಕಟ್ಟೆ, ಅದೇ ಬಾಗಿಲು. ಕಟ್ಟೆಯ ಮೇಲೆ ಮುದುಕರೊಬ್ಬರು ಕುಳಿತಿದ್ದರು. ವಿದ್ಯಾರ್ಥಿಗಳು ಒಮ್ಮೆಗೇ ಮಾತು ನಿಲ್ಲಿಸಿದರು — ಹುಲಿಯ ಪಂಜರದ ಮುಂದೆ ನಿಂತವರ ಹಾಗೆ. ಶಿವಬಸಪ್ಪನವರಿಗೆ ಏನೂ ಗೊತ್ತಿರಲಿಲ್ಲ. ಮನೆ ಮುಂದೆ ಇಷ್ಟು ಮಂದಿ ಓದುವ ಮಕ್ಕಳು ಬಂದಿದ್ದಾರೆಂದು ಅವರಿಗೆ ಸಂತೋಷವೇ ಆಗಿತ್ತು. "ಬರ್ರಿ, ಬರ್ರಿ, ನೆಳ್ಳಿಗೆ ಕುಂದರ್ರಿ. ನೀಲವ್ವಾ, ನೀರ ತಗೊಂಬಾ" ಎಂದರು.

ಯಾರೂ ಕುಳಿತುಕೊಳ್ಳಲಿಲ್ಲ. ಒಬ್ಬ ಹುಡುಗಿ — ನನ್ನ ತರಗತಿಯಲ್ಲಿ ಎಲ್ಲರಿಗಿಂತ ಚುರುಕಾದವಳು, ನಾನೇ ಬೆಳೆಸಿದವಳು — ಮುಂದೆ ಬಂದು ನೇರವಾಗಿ ಕೇಳಿದಳು.

"ಅಜ್ಜಾ, ಅವತ್ತ ಒಳಗ ಯಾರನ್ನ ಕೂಡಿಹಾಕಿದ್ರಿ?"

ಮುದುಕರಿಗೆ ತಿಳಿಯಲಿಲ್ಲ. ಕಿವಿಗೆ ಕೈ ಹಚ್ಚಿ "ಏನಂದಿ ಯವ್ವಾ?" ಎಂದರು. ಅಷ್ಟರಲ್ಲಿ ನೀರಿನ ತಂಬಿಗೆ ಹಿಡಿದು ನೀಲವ್ವ ಹೊರಗೆ ಬಂದಿದ್ದರು. ನಡುವಯಸ್ಸು ದಾಟುತ್ತಿದ್ದ ಹೆಂಗಸು. ಊರಿನ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದರು. ಅವರಿಗೆ ಕೇಳಿಸಿತ್ತು. ಅಷ್ಟೇ ಅಲ್ಲ, ತಮ್ಮ ಮನೆಯ ಬಗ್ಗೆ ಎಲ್ಲೋ ಏನೋ ಬರೆದಿದ್ದಾರೆಂಬ ಸುದ್ದಿಯೂ ಮುಟ್ಟಿತ್ತೆಂದು ಕಾಣುತ್ತದೆ.

"ಒಳಗಿದ್ದಾಕಿ ನಾನ" ಎಂದರು. "ನನ್ನ ಯಾರೂ ಕೂಡಿಹಾಕಿದ್ದಿಲ್ಲವಾ. ಎಳಕೊಂಡ ಹೋಗಾಕ ಬಂದಿದ್ರು. ನಮ್ಮಪ್ಪ ಅಡ್ಡ ನಿಂತ. ಅವತ್ತ ಅವ ಕೈ ಎತ್ತದಿದ್ರ ಇವತ್ತ ನಾ ನಿಮಗ ನೀರ ಕೊಡಾಕ ಇರ್ತಿದ್ದಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು.

ಆ ಕ್ಷಣ ನನ್ನದಾಗಿತ್ತು. 'ಹೌದು, ಇವರು ಹೇಳಿದ್ದು ನಿಜ, ಮಾಸ್ತರರೂ ಇದನ್ನೇ ಹೇಳಿದ್ದರು' — ಇಷ್ಟೇ ಸಾಕಿತ್ತು. ಆ ಮಕ್ಕಳು ಅದನ್ನು ಸಂತೋಷದಿಂದ ಒಪ್ಪುತ್ತಿದ್ದರು. ನೋಡಿದರೆ ಅದೇ ದೊಡ್ಡ ರಾಜಕೀಯವಾಗಿತ್ತು — ಇಡೀ ಊರು ಕಳಿಸು ಎಂದಾಗ ಒಬ್ಬ ಮನುಷ್ಯ ಕಳಿಸುವುದಿಲ್ಲ ಎಂದದ್ದು. ಅದನ್ನು ಬರೆದಿದ್ದರೆ ಲೇಖನವೂ ದೊಡ್ಡದಾಗುತ್ತಿತ್ತು. ಆದರೆ ಅಲ್ಲಿ ನಿಂತಾಗ ನನಗೆ ಕಂಡದ್ದು ಇಷ್ಟೇ: ನನ್ನ ಲೇಖನ ಬೀಳುತ್ತದೆ, ಅದರ ಜೊತೆ ನಾನೂ ಬೀಳುತ್ತೇನೆ.

ನಾನು ತರಗತಿಯ ದನಿಯಲ್ಲಿ ಹೇಳಿದೆ: "ಇದನ್ನು ಗಮನಿಸಿ. ಅಧಿಕಾರ ಹೇಗೆ ಗೆಲ್ಲುತ್ತದೆ ಎನ್ನುವುದಕ್ಕೆ ಇದೇ ಉದಾಹರಣೆ. ಬಂಧನದಲ್ಲಿ ಇದ್ದವರು ಅದನ್ನೇ ಆಶ್ರಯ ಎಂದು ನಂಬತೊಡಗುತ್ತಾರೆ. ತಡೆದ ಕೈಯನ್ನೇ ಕಾಪಾಡಿದ ಕೈ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಹಾಗೆ ಮಾತ್ರ ನೆನಪಿರಲು ಸಾಧ್ಯ."

ಹುಡುಗಿಯ ಮುಖ ಹಗುರಾಯಿತು. ಪೆನ್ನುಗಳು ಓಡಿದವು. ನಾನು ಪುಸ್ತಕದ ಭಾಷೆಯಲ್ಲಿ ಆಡಿದ್ದರಿಂದ ಶಿವಬಸಪ್ಪನವರಿಗೆ ತಿಳಿಯಲಿಲ್ಲ. ಮಗಳ ಕಡೆ ನೋಡಿ, "ಏನಂದ್ರ ಬಾಯಾರು?" ಎಂದು ಕೇಳಿದರು.

ನೀಲವ್ವನಿಗೆ ತಿಳಿದಿತ್ತು. ನನ್ನನ್ನು ಒಮ್ಮೆ ನೋಡಿದರು. ಸಿಟ್ಟಿರಲಿಲ್ಲ — ಸಿಟ್ಟಿದ್ದರೆ ನಾನು ಇಷ್ಟು ವರ್ಷ... ಗೊತ್ತಿಲ್ಲ. ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು, "ಏನಿಲ್ಲಪಾ. ಬಿಸಲಾಗೇತಿ, ನೀ ಒಳಗ ಬಾ" ಎಂದು ಅವರ ರಟ್ಟೆ ಹಿಡಿದು ಎಬ್ಬಿಸಿದರು. ಮುದುಕರು ಎರಡು ಸಲ ತಿರುಗಿ ನೋಡುತ್ತಾ ಒಳಗೆ ಹೋದರು. ನೀರು ಯಾರೂ ಕುಡಿಯಲಿಲ್ಲ.

ಆಮೇಲೆ ಅಲ್ಲಿಗೆ ಬೇರೆ ಕಾಲೇಜುಗಳ ಮಕ್ಕಳೂ ಬಂದರಂತೆ. ಫೋಟೋ ತೆಗೆದರಂತೆ. ಯಾರೋ ಬಾಗಿಲ ಪಕ್ಕದ ಗೋಡೆಗೆ ಸುಣ್ಣದಲ್ಲಿ ಒಂದು ಅಂಗೈ ಬರೆದು ಹೋದರಂತೆ. ಅದರ ಅರ್ಥವೇನೆಂದು ಕೊನೆಗೆ ಊರಿನವರೇ ಯಾರೋ ಮುದುಕರಿಗೆ ಬಿಡಿಸಿ ಹೇಳಿದರು. ಅವತ್ತಿನಿಂದ ಶಿವಬಸಪ್ಪನವರು ಕಟ್ಟೆಯ ಮೇಲೆ ಕೂಡುವುದನ್ನು ಬಿಟ್ಟರು. ಸಾಯುವತನಕ ಒಳಗೇ ಇದ್ದರು. ಇದನ್ನು ನನಗೆ ಹೇಳಿದ್ದು ಸವದತ್ತಿಯ ಆ ಅಧ್ಯಾಪಕರು, ಒಂದು ಮದುವೆಯ ಊಟದ ಪಂಕ್ತಿಯಲ್ಲಿ, ಸ್ವಾರಸ್ಯದ ಸುದ್ದಿ ಎಂಬಂತೆ. ನಾನು ಎಲೆಯ ಮೇಲಿದ್ದದ್ದನ್ನು ಪೂರ್ತಿ ಉಂಡು ಎದ್ದೆ.

ಕಳೆದ ಚಳಿಗಾಲದಲ್ಲಿ ಬೈಲಹೊಂಗಲದಲ್ಲಿ ರಾಚಯ್ಯ ಮಾಸ್ತರರ ನೆನಪಿಗೆ ಒಂದು ಪ್ರದರ್ಶನ ಏರ್ಪಾಡಾಯಿತು. ಮಾಸ್ತರರು ತೀರಿಕೊಂಡು ವರ್ಷಗಳಾಗಿದ್ದವು. ಹೂಲಿಯಲ್ಲಿ ಅವತ್ತು ಪ್ರಶ್ನೆ ಕೇಳಿದ ಅದೇ ಹುಡುಗಿ ಈಗ ಅಲ್ಲಿ ಅಧ್ಯಾಪಕಿ. ನಾನು ಮಾತಾಡಬೇಕೆಂದು ಅವಳೇ ಫೋನು ಮಾಡಿದಳು. ಇದೇ ಸಮಯ ಎಂದುಕೊಂಡು ಹೋದೆ. ಮೈಕಿನ ಮುಂದೆ ನಿಂತೆ. ಬಾಯಿಂದ ಬಂದದ್ದು ಅರ್ಧ: 'ಹೊಸ್ತಿಲು' ಚಿತ್ರಕ್ಕೆ ಇನ್ನೊಂದು ಓದೂ ಇದೆ, ಆ ಕೈ ಕಾಪಾಡುವ ಕೈಯೂ ಇರಬಹುದು, ನಾನು ಅದನ್ನು ಕಾಣದೆ ಹೋದೆ...

ಕಾಣದೆ ಹೋದೆ ಎಂದೆ. ಅಲ್ಲೂ ಸುಳ್ಳು.

ಸಭೆ ಚಪ್ಪಾಳೆ ತಟ್ಟಿತು, ಮುದುಕಿ ಇನ್ನೊಂದು ಹೊಸ ವಿಚಾರ ಹೇಳಿದಳೆಂದು. ಅಧ್ಯಾಪಕಿ ಪ್ರೀತಿಯಿಂದ ಕೈ ಹಿಡಿದುಕೊಂಡು ಹೇಳಿದಳು: "ಮೇಡಂ, ಎರಡೂ ಓದು ಸರಿನ ಅದಾವ ಅಲ್ರೀ? ನಡದದ್ದು ಏನರೆ ಇರ್ಲಿ, ಬರದವರು ಏನರೆ ಹೇಳ್ಲಿ, ಚಿತ್ರಕ್ಕ ಅದು ಮುಖ್ಯ ಅಲ್ಲ ಅಂತ ನೀವ ಕಲಿಸೀರಿ ನಮಗ."

ಹೌದು, ನಾನೇ ಕಲಿಸಿದ್ದು.

ಮರುದಿನ ಬೆಳಿಗ್ಗೆ ಸವದತ್ತಿಗೆ ಬಸ್ಸು ಹಿಡಿದು, ಅಲ್ಲಿಂದ ಆಟೋ ಮಾಡಿಕೊಂಡು ಹೂಲಿಗೆ ಹೋದೆ. ನೀಲವ್ವ ಪಡಸಾಲೆಯಲ್ಲಿ ಕುಳಿತು ಶೇಂಗಾ ಬಿಡಿಸುತ್ತಿದ್ದರು. ಈಗ ಅವರಿಗೂ ವಯಸ್ಸಾಗಿದೆ, ತಮ್ಮನ ಮಗನ ಸಂಸಾರದ ಜೊತೆ ಇದ್ದಾರೆ. ಗುರುತು ಹಿಡಿದರು. "ಕುಂದರ್ರಿ" ಎಂದು ಚಾಪೆ ಸರಿಸಿದರು. ಕುಳಿತೆ. ಏನೇನೋ ಸಿದ್ಧ ಮಾಡಿಕೊಂಡು ಬಂದಿದ್ದೆ, ಒಂದೂ ನೆನಪಾಗಲಿಲ್ಲ.

"ನೀಲಕ್ಕಾ, ನನಗ ಗೊತ್ತಿತ್ತು" ಎಂದೆ. "ಪುಸ್ತಕದಾಗ ಬರೂಕಿಂತ ಮೊದಲ ಮಾಸ್ತರು ನನಗ ಎಲ್ಲಾ ಹೇಳಿದ್ರು. ನಿಮ್ಮ ತೋಳು ಮುರದದ್ದು, ನಿಮ್ಮತ್ತಿ ಬಂದದ್ದು, ನಿಮ್ಮಪ್ಪ ಏನಂದ್ರು ಅನ್ನೂದು ಸುದ್ದಾ. ಗೊತ್ತಿದ್ದ ಸುಳ್ಳ ಬರದೆ. ಅವತ್ತ ಮಕ್ಕಳ ಮುಂದ ನಿಮ್ಮನ್ನ ಸುಳ್ಳ ಮಾಡಿದೆ."

ಅವರ ಕೈ ನಿಂತಿತು.

"ಅವತ್ತ ನಾ ಹೇಳೂ ಮುಂದ ನಿಮಗ ಗೊತ್ತಿತ್ತು?"

"ಗೊತ್ತಿತ್ತು."

ಒಳಗೆ ಯಾರೋ ರೊಟ್ಟಿ ಬಡಿಯುತ್ತಿದ್ದರು.

"ಇಷ್ಟ ವರ್ಷ ನಾ ಏನ ತಿಳಕೊಂಡಿದ್ದೆ ಗೊತ್ತೈತೇನ್ರಿ," ಎಂದರು ಆಮೇಲೆ. "ನನಗ ಸರಿಯಾಗಿ ಹೇಳಾಕ ಬರಲಿಲ್ಲ ಅಂತ. ನೀವು ಕಲಿತವರು. ನಾ ಇನ್ನೊಂದೀಟು ಛಂದಾಗಿ ಬಿಡಿಸಿ ಹೇಳಿದ್ರ ನಿಮಗ ತಿಳೀತಿತ್ತು, ಅಪ್ಪನ ಹೆಸರ ಉಳೀತಿತ್ತು ಅಂತ. ಅವ ಒಳಗ ಕುಂತಿದ್ದನ್ನ ನೋಡಿದಾಗೊಮ್ಮೆ ನನ್ನ ಬಾಯೀನ ಬೈಕೊಂತಿದ್ದೆ."

ನಾನು ತಲೆ ಎತ್ತಲಿಲ್ಲ. ಒಬ್ಬ ಮುದುಕರ ಕೊನೆಯ ವರ್ಷಗಳನ್ನು ಕಸಿದುಕೊಂಡೆ ಎಂದಷ್ಟೇ ಲೆಕ್ಕ ಹಿಡಿದಿದ್ದೆ. ಇದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.

"ತಪ್ಪಾತು ನೀಲಕ್ಕಾ" ಎಂದೆ. ಅದಕ್ಕೆ ಅವರು ಏನೂ ಹೇಳಲಿಲ್ಲ. ಹೇಳಬೇಕೆಂದು ನಾನು ಕಾಯಬಾರದು ಎಂಬಷ್ಟು ಬುದ್ಧಿ ಆಗ ನನಗಿತ್ತು. "ಎಲ್ಲಾ ಇದ್ದದ್ದ ಇದ್ದಂಗ ಬರೀತೇನಿ. ಬರದು ಇಲ್ಲೇ ಬಂದು ನಿಮಗ ಓದಿ ತೋರಸತೇನಿ" ಎಂದೆ.

ನೀಲವ್ವ ಮತ್ತೆ ಶೇಂಗಾ ಕೈಗೆತ್ತಿಕೊಂಡರು.

"ಬರೀರಿ ಬಾಯಾರ. ಬರೀಬೇಕು. ಆದರ ನನಗ ಓದಿ ಹೇಳಾಕ ಬರಬ್ಯಾಡ್ರಿ. ನನಗ ಅದು ಗೊತ್ತೈತಿ."

ಬರೆದಿದ್ದೇನೆ. ಹೂಲಿಗೆ ಹೋಗುವುದಿಲ್ಲ. ನನ್ನ ಪಾಠ ಬರೆದುಕೊಂಡವರು ಇದನ್ನು ಓದಲಿ.